ಕೊನೆಯ ಡಬ್ಬಿಯಲ್ಲಿ ಬಂದವರು

ದೀಪ ಸಣ್ಣ ಮಾಡಿ ಇನ್ನೊಂದು ಸ್ವಲ್ಪ ಹತ್ತಿರ ಬನ್ನಿ. ಜೋರಾಗಿ ಹೇಳೋ ವಿಷಯ ಅಲ್ಲ ಇದು. ಯಾರಿಗೆ ಆಯ್ತೋ ಅವನು ಈ ಗೋಡೆಯ ಆಚೆಗೇ ಮಲಗಿದ್ದಾನೆ... ನಮ್ಮ ಪಕ್ಕದ ಮನೆಯ ಗಂಟೆಯಣ್ಣ.

ಆವತ್ತು ಅವನು ಕೆಲಸ ಮುಗಿಸಿ ಮನೆಗೆ ನಡೀತಿದ್ದ. ಹೊತ್ತು ಏಳೂವರೆ ಅಷ್ಟೇ. ಆದರೆ ಚಳಿಗಾಲ, ಬೆಟ್ಟದ ಮೇಲಿನ ಊರು... ಕತ್ತಲೆ ಆಗಲೇ ಗಟ್ಟಿಯಾಗಿತ್ತು. ಮಂಜು ಬೇರೆ. ಜಲ್ಲಿ ಹಾಕಿದ ದಾರಿ, ಕಾಲಿಟ್ಟರೆ ಚರಕ್... ಚರಕ್... ಹಳೇ ಬಾವಿಯ ಹತ್ತಿರ ಬಂದಾಗ ಶೂ ಲೇಸು ಬಿಚ್ಚಿಕೊಂಡಿತು. ನಿಂತ.

ಅವನು ನಿಂತ. ಸದ್ದು ನಿಲ್ಲಲಿಲ್ಲ.

ಚರಕ್... ಚರಕ್... ಹಿಂದಿನಿಂದ ಬಂತು. ಬಾವಿಕಟ್ಟೆಯ ತನಕ ಬಂತು. ನಿಂತಿತು. ಆಮೇಲೆ ತುಂಬಾ ಕೆಳಗೆ, ನೀರಿನಲ್ಲಿ... ಗುಳುಂ. ಯಾರೋ ಒಂದು ಸಣ್ಣ ಕಲ್ಲು ಬಿಟ್ಟ ಹಾಗೆ.

ನೀವಾಗಿದ್ದರೆ ಓಡ್ತಿದ್ರಿ. ನಾನಾಗಿದ್ದರೆ ಅಲ್ಲೇ ಬಿದ್ದಿರ್ತಿದ್ದೆ. ಅವನು ಲೇಸು ಕಟ್ಟಿಕೊಂಡ, ಎದ್ದ, ಹಿಂದೆ ತಿರುಗದೆ ಮೆಲ್ಲಗೆ ಕೇಳಿದ.

"ಬಂದೆಯಾ?"

ಅವನಿಗೆ ಯಾಕೆ ಹೆದರಿಕೆ ಆಗಲಿಲ್ಲ ಅಂತ ಮೊದಲು ಹೇಳಿಬಿಡ್ತೀನಿ.

ಅವನ ಕೆಲಸ ರೋಪ್‌ವೇಯಲ್ಲಿ, ಮೇಲಿನ ಸ್ಟೇಷನ್ನಿನಲ್ಲಿ. ಊರು ನೋಡೋಕೆ ಬಂದವರೆಲ್ಲ ಅದನ್ನ ಹತ್ತದೆ ಹೋಗಲ್ಲ. ಜನ ಕೂರುವ ಗಾಜಿನ ಪೆಟ್ಟಿಗೆಗೆ ನಾವು ಡಬ್ಬಿ ಅಂತೀವಿ. ಕೆಳಗಿನಿಂದ ಡಬ್ಬಿ ಹೊರಡುವ ಮೊದಲು ಅಲ್ಲಿನವನು ಗುಂಡಿ ಒತ್ತುತ್ತಾನೆ, ಮೇಲೆ ಗಂಟೆ ಹೊಡೆಯುತ್ತೆ. ಟ್ರಿಣ್... ಒಂದು ಸಲ ಆದರೆ ಖಾಲಿ. ಟ್ರಿಣ್ ಟ್ರಿಣ್... ಎರಡಾದರೆ ಒಳಗೆ ಜನ ಇದ್ದಾರೆ. ಮೇಲಿನಿಂದ ಕಳಿಸುವಾಗಲೂ ಅದೇ ಲೆಕ್ಕ. ಇಡೀ ದಿನ ಅದಕ್ಕೇ ಕಿವಿಗೊಟ್ಟು ಕೂತಿರ್ತಾನೆ, ಹಾಗಾಗಿ ಗಂಟೆಯಣ್ಣ.

ಹೆಂಡತಿ ಕೆಳಗಿನ ಸ್ಟೇಷನ್ನಿನಲ್ಲಿ ಟಿಕೆಟ್ ಹರಿಯುವವಳು. ಮನೆ ಬೆಟ್ಟದ ಮೇಲೆ. ದಿನಾ ಸಂಜೆ ಕೊನೆಯ ಡಬ್ಬಿ ಹತ್ತಿ ಬರೋಳು, ಇಬ್ಬರೂ ಸೇರಿ ನಡಕೊಂಡು ಮನೆಗೆ ಹೋಗೋರು. ಒಂಬತ್ತು ವರ್ಷ ಹೀಗೇ ನಡೀತು. ಆ ಮಳೆಗಾಲದಲ್ಲಿ ಅವಳಿಗೆ ಜ್ವರ ಬಂತು. ನಾಲ್ಕು ದಿನದ ಜ್ವರ... ಐದನೇ ದಿನ ಅವಳಿರಲಿಲ್ಲ.

ಇವನು ಅಳಲಿಲ್ಲ. ಹಲ್ಲು ಕೀಳುವ ಮೊದಲು ಸೂಜಿ ಚುಚ್ಚಿದಾಗ ಕೆನ್ನೆ ಮರಗಟ್ಟುತ್ತಲ್ಲ, ಮುಟ್ಟಿದರೆ ಬೇರೆ ಯಾರದೋ ಕೆನ್ನೆ ಅನ್ನಿಸುತ್ತಲ್ಲ, ಇವನಿಗೆ ಮೈಯೆಲ್ಲ ಹಾಗೆ ಆಗಿತ್ತು. ಐದು ತಿಂಗಳು. ಕೆಲಸಕ್ಕೆ ಹೋಗೋನು, ಬರೋನು. ಬಡಿಸಿದ್ದನ್ನ ತಿನ್ನೋನು. ಏನು ತಿಂದೆ ಅಂತ ಕೇಳಿದರೆ ಗೊತ್ತಿರ್ತಿರಲಿಲ್ಲ.

ಬಡಿಸುತ್ತಿದ್ದವರು ಅತ್ತೆ, ಹೆಂಡತಿಯ ತಾಯಿ. ಊರಿನ ಲಾಡ್ಜಿನಲ್ಲಿ ಮೂವತ್ತು ವರ್ಷ ಹಾಸಿಗೆಯ ಚಾದರ ಬದಲಾಯಿಸಿದವರು. ಇದ್ದೊಬ್ಬ ಮಗಳು ಹೋದ ಮೇಲೂ ಅಳಿಯನ ಮನೆಯಲ್ಲೇ ಉಳಿದರು. ಹೋಗಿ ಅಂತ ಅವನು ಹೇಳಲಿಲ್ಲ, ಹೋಗ್ತೀನಿ ಅಂತ ಅವರೂ ಹೇಳಲಿಲ್ಲ. ಇಬ್ಬರ ನಡುವೆ ಮಾತೇ ಇಲ್ಲ. ಅವರ ಮನೆಯ ಗಡಿಯಾರದ ಟಿಕ್ ಟಿಕ್ ನಮ್ಮನೆಗೆ ಕೇಳಿಸೋದು.

ಈಗ ಆವತ್ತಿನ ಸಂಜೆಗೆ ಬರ್ತೀನಿ. ಜನ ಎಲ್ಲ ಇಳಿದು ಹೋದ ಮೇಲೆ ಒಂದು ಡಬ್ಬಿಯನ್ನ ಖಾಲಿ ಮೇಲಕ್ಕೆ ಕಳಿಸ್ತಾರೆ, ರಾತ್ರಿ ಅದು ಮೇಲೆಯೇ ನಿಲ್ಲಬೇಕು. ಟ್ರಿಣ್... ಒಂದೇ ಗಂಟೆ. ಖಾಲಿ. ಡಬ್ಬಿ ಮಂಜಿನೊಳಗಿಂದ ಬಂತು. ಖಾಲಿ ಡಬ್ಬಿ ಗಾಳಿಗೆ ಹಗುರವಾಗಿ ತೂಗುತ್ತೆ. ಇದು ತೂಗಲಿಲ್ಲ. ಒಂದು ಬದಿಗೆ ವಾಲಿಕೊಂಡು, ಭಾರವಾಗಿ, ಮೆಲ್ಲಗೆ ಬಂತು. ಅವನು ಬಾಗಿಲು ತೆಗೆದ. ಒಳಗೆ ಯಾರೂ ಇಲ್ಲ. ಸೀಟಿನ ಸ್ಪ್ರಿಂಗು ಮಾತ್ರ ಕಿರ್ರ್... ಅಂತ ಮೇಲೆದ್ದಿತು. ಕಬ್ಬಿಣದ ಮೆಟ್ಟಿಲು ಟಪ್ ಅಂದಿತು. ಡಬ್ಬಿ ಹಗುರಾಯ್ತು.

ಒಂಬತ್ತು ವರ್ಷದ ಅಭ್ಯಾಸ ನೋಡಿ... ಅವನು ಬಾಗಿಲು ಹಿಡಿದುಕೊಂಡೇ ಇದ್ದ. ಆಮೇಲೆ ಬೀಗ ಹಾಕಿ ನಡೆಯೋಕೆ ಶುರು ಮಾಡಿದ. ಹಿಂದೆ ಹೆಜ್ಜೆ ಬಂತು.

ಬಾವಿಯ ಹತ್ತಿರ ಅದು ನಿಂತದ್ದು ಅವನಿಗೂ ವಿಚಿತ್ರ ಅನ್ನಿಸಿತ್ತಂತೆ. ಹಗಲು ಹೊತ್ತು ಪ್ರವಾಸಿಗರು ಬಗ್ಗಿ ಕೂಗುವ ಬಾವಿ ಅದು. ಕೂಗಿದರೆ ದನಿ ಮೂರು ಸಲ ತಿರುಗಿ ಬರುತ್ತೆ ಅಂತ ಬೋರ್ಡೇ ಇದೆ. ಅವಳಿಗೆ ಮಾತ್ರ ಆ ಬಾವಿ ಕಂಡರೆ ಆಗ್ತಿರಲಿಲ್ಲ, ಇವನ ತೋಳು ಹಿಡಿದು ಸರಸರ ದಾಟೋಳು. ಇರಲಿ, ಅಂದುಕೊಂಡ. ಸತ್ತ ಮೇಲೆ ಹೆದರಿಕೆ ಹೋಗಿರಬಹುದು.

ಹಾಗೆ ಹನ್ನೊಂದು ದಿನ. ದಿನಾ ಒಂದೇ ಗಂಟೆ, ಭಾರವಾದ ಡಬ್ಬಿ, ಬೆನ್ನ ಹಿಂದೆ ಹೆಜ್ಜೆ. ಅವನು ದಾರಿಯುದ್ದಕ್ಕೂ ಪಿಸುಮಾತಿನಲ್ಲಿ ದಿನದ ಸುದ್ದಿ ಹೇಳಿಕೊಂಡು ಬರ್ತಿದ್ದ. ಮನೆಗೆ ಬಂದರೆ ಬಾಗಿಲನ್ನ ಒಂದು ಗಳಿಗೆ ಹೆಚ್ಚು ತೆರೆದಿಡ್ತಿದ್ದ. ರಾತ್ರಿ ಮುಂದಿನ ಕೋಣೆಯ ಬೆತ್ತದ ಕುರ್ಚಿ ಕರಕರ ಅನ್ನೋದು. ಅವನು ಗೋಡೆ ಕಡೆ ತಿರುಗಿ, ಐದು ತಿಂಗಳಲ್ಲಿ ಮೊದಲ ಸಲ, ನಿದ್ದೆ ಮಾಡ್ತಿದ್ದ.

ಹನ್ನೆರಡನೇ ದಿನ ಬೆಳಿಗ್ಗೆ ಅತ್ತೆಗೆ ಹೇಳಿದ, ಅವಳು ಬರ್ತಿದ್ದಾಳೆ ಅಂತ.

ಅತ್ತೆ ಕೈಯಲ್ಲಿದ್ದ ಲೋಟ ಕೆಳಗಿಟ್ಟರು. ಆವತ್ತು ಸಂಜೆ ಹೊರಗಿನ ದೀಪ ಆರಿಸಿ, ಶಾಲು ಹೊದ್ದು, ಗೇಟಿನ ಪಕ್ಕ ಕತ್ತಲೆಯಲ್ಲಿ ನಿಂತಿದ್ದರು. ಇಪ್ಪತ್ತೆಂಟು ವರ್ಷ ಮಗಳ ಹೆಜ್ಜೆ ಕೇಳಿದ ತಾಯಿ. ಅಳಿಯ ಗೇಟು ದಾಟಿದ. ಅವನ ಹಿಂದೆ ಜಲ್ಲಿಯ ಮೇಲೆ... ಚರಕ್. ಚರಕ್. ಟಕ್. ಚರಕ್. ಚರಕ್. ಟಕ್.

ಹೆಜ್ಜೆ ಒಳಗೆ ಹೋಯ್ತು. ಅತ್ತೆ ಅಳಿಯನ ತೋಳು ಹಿಡಿದು ಅಲ್ಲೇ ನಿಲ್ಲಿಸಿದರು. ಕಿವಿಯ ಹತ್ತಿರ ಬಾಯಿ ತಂದರು.

"ಇದು ನನ್ನ ಮಗಳಲ್ಲ."

ಅವನು ಬಾಗಿಲ ಕಡೆ ತಿರುಗಿದ.

"ಗಂಡಸು. ವಯಸ್ಸಾದವರು... ಕೋಲು ಹಿಡಿದಿದ್ದಾರೆ."

ಆ ಟಕ್ ಸದ್ದು ಇವನಿಗೆ ಮೊದಲ ದಿನದಿಂದಲೂ ಕೇಳಿಸ್ತಿತ್ತು. ಕೇಳಿಸ್ತಿತ್ತು, ಆದರೆ ಇವನು ಕೇಳಿಸಿಕೊಂಡಿರಲಿಲ್ಲ. ಈಗ ಅಂಗಾಲಿನಿಂದ ಚಳಿ ಹತ್ತಿತು. ಹನ್ನೊಂದು ರಾತ್ರಿ ಯಾರೋ ಗುರುತಿಲ್ಲದವರನ್ನ ಮನೆಯೊಳಗೆ ಮಲಗಿಸಿಕೊಂಡಿದ್ದೆ ಅನ್ನೋ ಹೆದರಿಕೆ ಒಂದು ಕಡೆ. ಆದರೆ ಅದಕ್ಕಿಂತ ದೊಡ್ಡದು ಇನ್ನೊಂದು... ಹಾಗಾದರೆ ಅವಳು ಬಂದೇ ಇಲ್ಲ. ಆ ಗೇಟಿನ ಹತ್ತಿರ ಅವನ ಹೆಂಡತಿ ಎರಡನೇ ಸಲ ಸತ್ತಳು ಅನ್ನಿ.

ರಾತ್ರಿಯಿಡೀ ಇಬ್ಬರೂ ಅಡುಗೆಮನೆಯಲ್ಲಿ ಕೂತಿದ್ದರು. ಮುಂದಿನ ಕೋಣೆಯಿಂದ ಕುರ್ಚಿಯ ಕರಕರ. ಆಮೇಲೆ ಅದು ನಿಂತು, ಕಾಗದದ ಸದ್ದು... ಸರ್... ಸರಬರ... ಬಿಚ್ಚಿದ ಹಾಗೆ, ಮಡಿಸಿದ ಹಾಗೆ, ಮತ್ತೆ ಬಿಚ್ಚಿದ ಹಾಗೆ. ಬೆಳಕು ಹರಿದ ಮೇಲೆ ಹೋಗಿ ನೋಡಿದರು. ಗೋಡೆಯ ಕಪಾಟಿನ ಹಲಗೆಗೆ ಹಾಸಿದ್ದ ಕಾಗದ ಮೇಜಿನ ಮೇಲಿತ್ತು. ರೋಪ್‌ವೇಯಲ್ಲಿ ಪುಕ್ಕಟೆ ಹಂಚುವ ಊರಿನ ನಕ್ಷೆ ಅದು, ಮಿಕ್ಕಿದ್ದನ್ನ ಹೆಂಡತಿಯೇ ತಂದು ಹಾಸಿದ್ದಳು. ಹಲಗೆಯ ಮೇಲಿದ್ದ ಅವಳ ಬಾಚಣಿಗೆ, ಕನ್ನಡಿ, ಪಿನ್ನಿನ ಡಬ್ಬ, ಮೂರನ್ನೂ ಒಂದು ಪಕ್ಕಕ್ಕೆ ಜೋಪಾನವಾಗಿ ಸಾಲಾಗಿ ಇಟ್ಟಿತ್ತು. ನಕ್ಷೆಯನ್ನ ಮಡಿಸಿದ್ದ ರೀತಿಯಲ್ಲಿ 'ನೋಡಲೇಬೇಕಾದ ಜಾಗಗಳು' ಅನ್ನೋ ಭಾಗ ಮೇಲೆ ಬಂದಿತ್ತು.

ಅತ್ತೆ ಅದನ್ನ ಬಹಳ ಹೊತ್ತು ನೋಡಿದರು. ಲಾಡ್ಜಿನಲ್ಲಿ ಮೂವತ್ತು ವರ್ಷ ಪ್ರತಿ ಮಂಚದ ಮೇಲೂ ಹೀಗೆ ಮಡಿಸಿದ ನಕ್ಷೆ ಎತ್ತಿಟ್ಟವರು ಅವರು.

"ಊರು ನೋಡೋಕೆ ಬಂದವರು ಅಳಿಯಂದಿರೇ," ಅಂದರು. "ಹನ್ನೆರಡು ದಿನದಿಂದ ನೀವು ಬರೀ ನಮ್ಮ ಮನೆ ತೋರಿಸ್ತಿದ್ದೀರಿ."

ಅವರು ತಮಾಷೆಗೆ ಅಂದದ್ದೋ ಅಲ್ಲವೋ, ಅವನಿಗೆ ಇವತ್ತಿಗೂ ಗೊತ್ತಿಲ್ಲ.

ಕೆಳಗಿನ ಸ್ಟೇಷನ್ನಿನಲ್ಲಿ ಗುಂಡಿ ಒತ್ತುವವನಿಗೆ ಬೋಳಣ್ಣ ಅಂತ ಹೆಸರು ಬಿದ್ದಿದೆ, ತಲೆ ನೋಡಿದರೆ ಯಾಕೆ ಅಂತ ಕೇಳಬೇಕಾಗಿಲ್ಲ. ಇವನು ಅವನಿಗೆ ಫೋನ್ ಮಾಡಿ, ಕೋಲು ಹಿಡಿದ ಮುದುಕರು ಯಾರಾದರೂ ನೆನಪಿದ್ದಾರಾ ಅಂತ ವಿಚಾರಿಸಿದ. ಬೋಳಣ್ಣ ಸ್ವಲ್ಪ ಯೋಚನೆ ಮಾಡಿ ಹೇಳಿದ್ದು ಇಷ್ಟು. ಹೋದ ತಿಂಗಳು ಗಾಳಿ ಜಾಸ್ತಿ ಅಂತ ಇಡೀ ದಿನ ರೋಪ್‌ವೇ ನಿಲ್ಲಿಸಿದ್ದರು. ಆವತ್ತು ಒಬ್ಬ ಮುದುಕರು, ಒಬ್ಬರೇ, ಕೋಲು ಊರಿಕೊಂಡು ಬಂದು ಸಂಜೆ ತನಕ ಬೆಂಚಿನ ಮೇಲೆ ಕೂತಿದ್ದರು. ಗಾಳಿ ನಿಂತೀತು ಅಂತ ಕಾಯ್ತಿದ್ದರು. ನಾಳೆ ಬರ್ತೀನಿ ಅಂತ ಎದ್ದು ಹೋದರು. ಬರಲಿಲ್ಲ. ಯಾರು, ಯಾವ ಊರು, ಏನಾದರು... ಬೋಳಣ್ಣನಿಗೆ ಗೊತ್ತಿಲ್ಲ. ಲಾಡ್ಜುಗಳಲ್ಲಿ ಅತ್ತೆ ವಿಚಾರಿಸಿದರು, ಅಲ್ಲೂ ಯಾರಿಗೂ ಗೊತ್ತಿರಲಿಲ್ಲ.

ಗಾಳಿ ನೋಡಿ ನಿಲ್ಲಿಸಿ ಅಂತ ಮೇಲಿನಿಂದ ಹೇಳಿದವನು ಗಂಟೆಯಣ್ಣನೇ.

ಮಾರನೇ ದಿನ ಅವನು ರಜೆ ಹಾಕಿದ. ಬೆಳಿಗ್ಗೆ ಅತ್ತೆ ಒಳ್ಳೆ ಸೀರೆ ಉಟ್ಟು, ಮುಂದಿನ ಕೋಣೆಯ ಬಾಗಿಲಲ್ಲಿ ನಿಂತು, ಖಾಲಿ ಕುರ್ಚಿಗೆ ಹೇಳಿದರು, ಹೊರಡೋಣ ಬನ್ನಿ ಅಂತ. ಕುರ್ಚಿ ಕರಕರ ಅಂದಿತು. ಟಕ್... ಹಿಂದೆಯೇ ಬಂತು.

ಮೊದಲು ಬಾವಿ. ಅತ್ತೆ ಬಗ್ಗಿ ಗೈಡುಗಳ ಹಾಗೆ ಕೂಗಿ ತೋರಿಸಿದರು. ಆಮೇಲೆ ಕೆರೆ. ಮೂರು ಟಿಕೆಟ್ ತಗೊಂಡರು. ದೋಣಿಯವನು, ನೀವು ಇಬ್ಬರೇ ತಾನೆ, ದೋಣಿ ಯಾಕೋ ಇಳೀತಿದೆಯಲ್ಲ ಅಂದ. ಇವನು ಹುಟ್ಟಿ ಬೆಳೆದದ್ದು ಅದೇ ಊರಲ್ಲಿ, ಆದರೂ ಯಾವತ್ತೂ ದೋಣಿ ಹತ್ತಿರಲಿಲ್ಲ. ಒಂದು ಸಲ ಹೋಗೋಣ ಅಂತ ಹೆಂಡತಿ ಎಷ್ಟು ಸಲ ಅಂದಿದ್ದಳೋ. ರಜೆ ದಿನ ಯಾರು ಆ ಜನದ ನಡುವೆ ನುಗ್ತಾರೆ ಅಂತ ಇವನೇ ತಳ್ಳಿಹಾಕ್ತಿದ್ದ. ನಡುನೀರಿನಲ್ಲಿ ಅವನ ಕೈ ತಾನಾಗಿ ನೀರಿಗಿಳಿಯಿತು. ತಣ್ಣಗಿತ್ತು. ತಣ್ಣಗಿದೆ ಅಂತ ಅವನಿಗೆ ಗೊತ್ತಾಯ್ತು. ಕೈ ತೆಗೆಯದೆ ದಡದ ತನಕ ಹಾಗೇ ಇಟ್ಟುಕೊಂಡಿದ್ದ.

ಮ್ಯೂಸಿಯಮ್ಮಿನಲ್ಲಿ ಒಣಹುಲ್ಲು ತುಂಬಿದ ಕರಡಿಯ ಮುಂದೆ ಕೋಲಿನ ಸದ್ದು ತುಂಬಾ ಹೊತ್ತು ನಿಂತೇಬಿಟ್ಟಿತು, ಕಾವಲಿನವನು ಇವರನ್ನೇ ಅನುಮಾನದಿಂದ ನೋಡಿದ. ಗಡಿಯಾರದ ಗೋಪುರಕ್ಕೆ ನೂರಾ ಹನ್ನೆರಡು ಮೆಟ್ಟಿಲು. ಟಕ್... ಟಕ್... ಅತ್ತೆಗೂ ಮಂಡಿನೋವು. ಪ್ರತಿ ತಿರುವಿನಲ್ಲೂ ನಿಲ್ಲೋರು. ನಿಂತಾಗ ಎರಡು ಏದುಸಿರು ಕೇಳಿಸ್ತಿತ್ತಂತೆ, ಒಂದು ಅತ್ತೆಯದು. ಮೇಲೆ ಹೋದಾಗ ಮಂಜು ಸರಿದು ಊರು ಪೂರ್ತಿ ಕಾಣಿಸ್ತಿತ್ತು. ಅತ್ತೆ ಕೈ ಚಾಚಿ ಒಂದೊಂದೇ ತೋರಿಸಿದರು. ಅದು ಆಸ್ಪತ್ರೆ. ಅದು ಶಾಲೆ, ನನ್ನ ಮಗಳು ಓದಿದ್ದು. ಅಗೋ, ಆ ತಗಡಿನ ಮಾಡು, ಅದೇ ನಾವಿರೋ ಮನೆ.

ಸಂಜೆ ಮೇಲಿನ ಸ್ಟೇಷನ್ನಿಗೆ ಬಂದರು. ಜನ ಹೋಗಿ ಆಗಿತ್ತು. ಬದಲಿ ಕೆಲಸದವನಿಗೆ ಇವನೇ ಹೇಳಿ ಮನೆಗೆ ಕಳಿಸಿದ. ಡಬ್ಬಿಯ ಬಾಗಿಲು ತೆಗೆದು ಹಿಡಿದ. ಮೆಟ್ಟಿಲು ಟಪ್. ಸ್ಪ್ರಿಂಗು ಕಿರ್ರ್... ಡಬ್ಬಿ ವಾಲಿತು. ಅತ್ತೆ ಒಳಗೆ ನೋಡುತ್ತಾ, ಹುಷಾರಾಗಿ ಹೋಗಿ ಬನ್ನಿ ಅಂದವರು ತಡೆದು, ಹುಷಾರಾಗಿ ಹೋಗಿ ಅಂದರು. ಅವನು ಗುಂಡಿ ಒತ್ತಿದ. ಎರಡು ಸಲ.

ಒಂಬತ್ತು ನಿಮಿಷದ ದಾರಿ. ಆಮೇಲೆ ಫೋನ್ ಬಂತು.

"ಎರಡು ಗಂಟೆ ಹೊಡೆದಿದ್ದೀಯ," ಬೋಳಣ್ಣ ಅಂದ. "ಡಬ್ಬಿಯಲ್ಲಿ ಯಾರೂ ಇಲ್ಲವಲ್ಲೋ."

"ಬಾಗಿಲು ತೆಗೆದು ಸ್ವಲ್ಪ ಹೊತ್ತು ಹಿಡ್ಕೋ."

ಆ ಕಡೆ ಬಾಗಿಲಿನ ಸದ್ದು. ಆಮೇಲೆ ಏನೂ ಇಲ್ಲ... ಬೋಳಣ್ಣ ಮತ್ತೆ ಮಾತಾಡಿದಾಗ ದನಿ ಪೂರ್ತಿ ಇಳಿದಿತ್ತು.

"ಇಳಿದರು."

ಗಂಟೆಯಣ್ಣ ಫೋನ್ ಇಟ್ಟು ಒಂದೊಂದೇ ಸ್ವಿಚ್ಚು ಆರಿಸಿದ. ಮೋಟಾರಿನ ಗುಂಯ್ ಸದ್ದು ನಿಧಾನವಾಗಿ ಸತ್ತಿತು. ತಂತಿ ಒಂದು ಸಲ ಜಗ್ಗಿ ಸುಮ್ಮನಾಯ್ತು. ಅವನು ಮಾತ್ರ ತಂತಿ ಬರುವ ಕಡೆಗೇ ನೋಡುತ್ತಾ ನಿಂತಿದ್ದ. ಅತ್ತೆ ಅವನನ್ನ ಯಾವತ್ತೂ ನೀವು ಅಂತಲೇ ಮಾತಾಡಿಸಿದವರು. ಆವತ್ತು ಪಕ್ಕಕ್ಕೆ ಬಂದು ನಿಂತು ಹೇಳಿದರು.

"ಅವಳು ಬರಲ್ಲ ಮಗಾ. ನೀನು ಬಾ."

ಗೊತ್ತು ಅತ್ತೆ, ಅಂತ ಹೇಳೋಕೆ ಹೋದವನು ಅಲ್ಲೇ ಸಿಮೆಂಟಿನ ನೆಲದ ಮೇಲೆ ಕೂತು ಐದು ತಿಂಗಳ ಅಳು ಅತ್ತ. ಅತ್ತೆ ನಿಂತೇ ಇದ್ದರು, ಅವನ ತಲೆಯ ಮೇಲೆ ಕೈಯಿಟ್ಟುಕೊಂಡು.

ಆಮೇಲೆ ಡಬ್ಬಿ ಭಾರವಾಗಿ ಬಂದದ್ದಿಲ್ಲ. ಹೆಜ್ಜೆ ಕೇಳಿಸಿದ್ದಿಲ್ಲ. ಇಬ್ಬರೂ ಈಗ ಮಾತಾಡ್ತಾರೆ, ಕೆಲವು ಸಲ ಜಗಳವನ್ನೂ ಆಡ್ತಾರೆ, ನಮಗೆಲ್ಲ ಕೇಳಿಸುತ್ತೆ.

ಇದು ಮನಸ್ಸಿನ ಭ್ರಮೆ ಅಂತ ನೀವು ಅನ್ನಬಹುದು. ನಾನೂ ಮೊದಲು ಹಾಗೇ ಅಂದಿದ್ದೆ. ಆದರೆ ಮಾರನೇ ದಿನ ಬೆಳಿಗ್ಗೆ ಅತ್ತೆ ನನ್ನನ್ನ ಕರೆದು ಬೆತ್ತದ ಕುರ್ಚಿಯ ಕೆಳಗೆ ತೋರಿಸಿದರು. ಕಾಲಿಡುವ ಜಾಗದಲ್ಲಿ ಒಂದು ಹಿಡಿಯಷ್ಟು ಮರಳು. ನಮ್ಮ ಕಡೆಯದಲ್ಲ, ನಮ್ಮದು ಕೆಂಪು ಮಣ್ಣು, ಜಲ್ಲಿ. ಇದು ಬೆಳ್ಳಗೆ, ನಯವಾಗಿ, ಉಗುರಿನಷ್ಟು ಸಣ್ಣ ಒಂದು ಕಪ್ಪೆಚಿಪ್ಪಿನ ಜೊತೆಗೆ. ಸಮುದ್ರ ನಮ್ಮೂರಿಂದ ಇಡೀ ಒಂದು ದಿನದ ದಾರಿ. ಆ ಮನೆಯವರು ಯಾರೂ ಅದನ್ನ ನೋಡಿದವರಲ್ಲ. ಆ ಮರಳನ್ನ ಈಗಲೂ ಗಾಜಿನ ಸೀಸೆಯಲ್ಲಿ ಹಾಕಿಟ್ಟಿದ್ದಾರೆ, ಬೆಳಿಗ್ಗೆ ಹೋಗಿ ಕೇಳಿ, ತೋರಿಸ್ತಾರೆ. ನಾನು ಬೆರಳ ತುದಿಗೆ ಅಂಟಿಸಿಕೊಂಡು ನಾಲಿಗೆಗೆ ಇಟ್ಟು ನೋಡಿದ್ದೀನಿ...

ಉಪ್ಪಾಗಿತ್ತು.