ಸಿನಿಮಾ ಬಸ್ಸು ಹತ್ತಿದ ಅತ್ತೆ

ನನ್ನ ಹೆಸರು ತೂದಾ ಐತ್ ಊನೀರ್, ವಯಸ್ಸು 43 ವರ್ಷ, ಕಸುಬು ಕಂಬಳಿ ನೇಯ್ಗೆ, ವಾಸ ದಾದಸ್ ಕಣಿವೆಯ ಬೂಮಾಲ್ನ್ ಪೇಟೆಯ ಹತ್ತಿರದ ಹಳ್ಳಿ. ಈ ದಿನ ವರ್ಜಾಜಾತ್ ಠಾಣೆಯಲ್ಲಿ, ಮಧ್ಯಾಹ್ನ ನಾನೇ ಕೊಟ್ಟ ದೂರಿನ ವಿಷಯವಾಗಿ ಹೇಳಿ ಬರೆಸುವುದೇನೆಂದರೆ:

ನನ್ನ ಅತ್ತೆ ಇಜ್ಜಾ ಅವರಿಗೆ 71 ವರ್ಷ. ಕಣ್ಣಿನ ಪೊರೆ ತೆಗೆಸಲು ಅವರನ್ನು ಮೊನ್ನೆ ಈ ಪಟ್ಟಣಕ್ಕೆ ಕರೆತಂದೆನು. ಇಂದು ಬೆಳಿಗ್ಗೆ ಆಸ್ಪತ್ರೆಯವರು ಬಲಗಣ್ಣಿಗೆ ಹೊಸ ಪಟ್ಟಿ ಕಟ್ಟಿ ಕಳುಹಿಸಿದರು. ಎಡಗಣ್ಣು ಮೊದಲೇ ಮಂಜು. ನಮ್ಮ ಅಮಾಜಿಗ್ ಮಾತು ಬಿಟ್ಟು ಅವರಿಗೆ ಬೇರೆ ಬಾರದು. ಊರಿನ ಬಸ್ಸಿಗೆ ಇನ್ನೂ ಹೊತ್ತು ಇದ್ದುದರಿಂದ ಹಳೆಯ ಮಣ್ಣಿನ ಕೋಟೆಯ ನೆರಳಿನಲ್ಲಿ ಅವರನ್ನು ಕೂರಿಸಿ, ಕಣ್ಣಿನ ಔಷಧಿ ತರಲು ಹೋದೆನು. ನಮ್ಮದು ಬಿಳಿ ಬಸ್ಸು ಎಂದು ಹೇಳಿ ಹೋಗಿದ್ದೆನು.

ಹಿಂದಿರುಗಿದಾಗ ಅವರು ಇರಲಿಲ್ಲ. ರೊಟ್ಟಿ ಮಾರುವ ಹೆಂಗಸನ್ನು ವಿಚಾರಿಸಲಾಗಿ, ಕಪ್ಪು ಹೊದಿಕೆಯ ಮುದುಕಿಯರ ಗುಂಪಿನ ಜೊತೆ ಬಿಳಿ ಬಸ್ಸು ಹತ್ತಿದರೆಂದು ತಿಳಿಸಿದಳು. ನಾನು ಠಾಣೆಗೆ ಓಡಿ ಬಂದೆನು. ಅದು ಸಿನಿಮಾದವರ ಬಸ್ಸಿರಬೇಕು, ಊರು ಸುಡುವ ದೃಶ್ಯಕ್ಕೆ ಇಂದು ಮುದುಕಿಯರನ್ನು ಕರೆದೊಯ್ದಿದ್ದಾರೆ ಎಂದು ಪೇದೆ ಬಾಸ್ಸೂ ಹೇಳಿದರು. ಸುಡುವ ಎಂಬ ಮಾತು ಕೇಳಿದ ಮೇಲೆ ನಾನು ಕೂರಲಿಲ್ಲ. ಅವರು ನನ್ನನ್ನು ಜೀಪಿನಲ್ಲಿ ಪಟ್ಟಣದಿಂದ ಒಂಬತ್ತು ಕಿಲೋಮೀಟರ್ ಆಚೆ ಸಿನಿಮಾ ತೆಗೆಯುವ ಜಾಗಕ್ಕೆ ಕರೆದೊಯ್ದರು. ದಾರಿಯಲ್ಲಿ, ಅತ್ತೆಯೊಡನೆ ಜಗಳವಾಗಿತ್ತೇ ಎಂದು ಕೇಳಿದರು. ದಿನಾ ಆಗುವಷ್ಟೇ ಎಂದೆನು.

ಅಲ್ಲಿ ನಮ್ಮೂರ ಕೋಟೆಗಿಂತ ಎತ್ತರದ ಕೋಟೆ ಕಟ್ಟಿದ್ದರು. ಮುದುಕಿಯರೆಲ್ಲರಿಗೂ ಒಂದೇ ಕಪ್ಪು ಹೊದಿಕೆ, ಮುಖಕ್ಕೆ ಬೂದಿ. ಗಾಯಗೊಂಡವರೆಂದು ತೋರಿಸಲು ಅನೇಕರ ಕಣ್ಣಿಗೆ ಪಟ್ಟಿಯನ್ನೂ ಕಟ್ಟಿದ್ದರು. ನಾನು ಒಬ್ಬೊಬ್ಬರ ಹೊದಿಕೆ ಸರಿಸಿ ನೋಡಿದೆನು. ಬೂದಿ ಅಳಿಸಬೇಡವೆಂದು ಬೈದರು. ಅಲ್ಲಿಯ ಉಸ್ತುವಾರಿ ಘಿತಾ ಎಂಬಾಕೆ, ಅಂಥ ಒಬ್ಬರು ಬಂದಿದ್ದುಂಟು, ಪಟ್ಟಿ ಕಟ್ಟಿಕೊಂಡು ಸಿದ್ಧವಾಗಿಯೇ ಬಂದಿದ್ದಾರೆಂದು ಭಾವಿಸಿದೆವು ಎಂದಳು.

ಅಷ್ಟರಲ್ಲಿ ಎಲ್ಲರೂ ಹಗ್ಗದ ಆಚೆ ಬರಬೇಕೆಂದು ಧ್ವನಿವರ್ಧಕದಲ್ಲಿ ಕೂಗಿದರು. ಎಲ್ಲರೂ ಬಂದರು. ಅತ್ತೆ ಬರಲಿಲ್ಲ. ಒಳಗೆ ಯಾರೂ ಇಲ್ಲ, ನೋಡಿಯಾಗಿದೆ ಎಂದು ಘಿತಾ ಹೇಳಿದಳು. ಗೋಪುರದ ಬುಡದಲ್ಲಿ ಒಬ್ಬನು ಪಂಜು ಹಿಡಿದು ನಿಂತಿದ್ದನು. ನಾನು ಹಗ್ಗದಡಿ ನುಸುಳಿ ಓಡಿದೆನು. ಬಾಸ್ಸೂ ಬೆಂಕಿ ಹಚ್ಚಬೇಡಿರೆಂದು ಕೂಗುತ್ತ ಹಿಂದೆಯೇ ಬಂದರು.

ಬಾಗಿಲ ಹಿಂದೆ ಕೋಟೆ ಇರಲಿಲ್ಲ. ಮರದ ಕಂಬಗಳು, ಸೀಮೆಎಣ್ಣೆಯ ವಾಸನೆ. ಮೂಲೆಯಲ್ಲಿ ಗೋಣಿಚೀಲಗಳ ಮೇಲೆ ಅತ್ತೆ ಮಲಗಿದ್ದರು. ಚಪ್ಪಲಿಗಳನ್ನು ಜೋಡಿಸಿ ಪಕ್ಕದಲ್ಲಿಟ್ಟಿದ್ದರು. ನಾನು ಮೊದಲು ಅವರ ಎದೆಯ ಮೇಲೆ ಕೈ ಇಟ್ಟೆನು. ಉಸಿರಾಡುತ್ತಿದ್ದರು.

ಅವರು ಎದ್ದು, "ಬಸ್ಸು ಬಂತೇನೇ?" ಎಂದರು. ಆಮೇಲೆ ದನಿ ತಗ್ಗಿಸಿ, "ಪಾಪ ಕಣೇ, ಈ ಮನೆಯೋರು ಬಡವರು. ಮುಂದುಗಡೆ ಇಷ್ಟೆತ್ತರ ಗೋಡೆ ಎಬ್ಬಿಸವ್ರೆ, ಹಿಂದೆ ಸೂರೇ ಇಲ್ಲ" ಎಂದರು.

ನಾನು ಅಲ್ಲಿಯೇ ಕುಳಿತೆನು. ನಗುತ್ತಿದ್ದೆನೆಂದು ಬಾಸ್ಸೂ ಬರೆದುಕೊಂಡಿದ್ದಾರೆ, ಅಳುತ್ತಲೂ ಇದ್ದೆನು. ಅವರು ಅತ್ತೆಯ ಚಪ್ಪಲಿಗಳನ್ನು ಎತ್ತಿಕೊಂಡರು.

ಘಿತಾ ಹೊರಗೆ ಅತ್ತೆಯ ಕೈ ಹಿಡಿದು ಕ್ಷಮೆ ಕೇಳಿದಳು. ನಮಗೆ ಪುದೀನ ಚಹಾ ಕೊಟ್ಟು, ಒಳಗೆಲ್ಲ ಇನ್ನೊಮ್ಮೆ ಹುಡುಕಿಸಿದ ಮೇಲೆಯೇ ಬೆಂಕಿ ಹಚ್ಚಿಸಿದಳು. ಅತ್ತೆಗೆ ಹೊಗೆ ಮಾತ್ರ ಕಂಡಿತು. ಯಾರದೋ ಒಲೆ ಸರಿಯಾಗಿ ಉರಿಯುತ್ತಿಲ್ಲವೆಂದರು.

ಠಾಣೆಗೆ ಮರಳಿದ ಮೇಲೆ ಅಧಿಕಾರಿಗಳು ಅತ್ತೆಯನ್ನು, ಈ ಊರಿಗೆ ಯಾರ ಜೊತೆ ಬಂದಿರಿ ಎಂದು ಕೇಳಿದರು. ಮಗಳ ಜೊತೆ ಎಂದರು. ಸೊಸೆ ಎಂದು ನಾನು ತಿದ್ದಿದೆನು. ಅವರಿಗೆ ಹೆಣ್ಣುಮಕ್ಕಳಿಲ್ಲ.

"ನೀನು ಸುಮ್ನಿರು," ಎಂದರು ಅತ್ತೆ. "ಅವರು ಕೇಳಿದ್ದು ನನ್ನ."

ಅದನ್ನು ಅವರು ಹೇಳಿದಂತೆಯೇ ಬರೆದುಕೊಳ್ಳಬೇಕೆಂದು ಕೋರುತ್ತೇನೆ. ನನ್ನ ದೂರನ್ನು ಹಿಂಪಡೆಯುತ್ತೇನೆ. ಯಾರ ಮೇಲೂ ಕ್ರಮ ಬೇಡ. ಇದನ್ನೆಲ್ಲ ನಮ್ಮ ಮಾತಿನಲ್ಲಿ ಓದಿ ಹೇಳಿಸಿ ಕೇಳಿದ್ದೇನೆ, ನಡೆದದ್ದು ಹೀಗೆಯೇ.

ಸ್ಥಳ: ವರ್ಜಾಜಾತ್
ದಿನಾಂಕ: 17 ಅಕ್ಟೋಬರ್ 2018
ಸಹಿ: ತೂದಾ ಐತ್ ಊನೀರ್
ಸಾಕ್ಷಿಯ ಹೆಬ್ಬೆಟ್ಟು: ಇಜ್ಜಾ, ತಾಯಿ