ಬರಿಗೈಲಿ ಹೋಗಲಾರದ ತಮ್ಮ

ಶ್ರೀಮಂತನೊಬ್ಬನಿದ್ದ. ಯಾವೂರು ಅಂತ ಕೇಳಬೇಡಿ, ನಿಮ್ಮೂರೇ ಅಂದುಕೊಳ್ಳಿ, ತಪ್ಪೇನಿಲ್ಲ. ದೂರದ ದೇಶಕ್ಕೆ ಹೊರಟಿದ್ದ. ನಡುವೆ ಒಂದು ನಗರದಲ್ಲಿ ವಿಮಾನ ಬದಲಿಸಬೇಕು. ಮುಂದಿನ ವಿಮಾನಕ್ಕೆ ಒಂಬತ್ತು ಗಂಟೆ ಬಾಕಿ. ಅಷ್ಟು ಹೊತ್ತು ಕುರ್ಚಿಯಲ್ಲಿ ಕೂತು ಏನು ಮಾಡುವುದು? ಊರು ನೋಡಿ ಬರೋಣ ಅಂತ ಟ್ಯಾಕ್ಸಿ ಹಿಡಿದ.

ಆ ಊರಲ್ಲಿ ಅವನ ಒಡಹುಟ್ಟಿದ ಅಕ್ಕ ಇದ್ದಳು. ಕೋಟೆಯ ಹಿಂದಿನ ಬೀದಿಯ ವಠಾರದಲ್ಲಿ ಎರಡು ಕೋಣೆಯ ಮನೆ. ಚಿಕ್ಕಂದಿನಲ್ಲಿ ಅವನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು. ಆರು ವರ್ಷದಿಂದ ಫೋನು ಮಾಡಿದಾಗಲೆಲ್ಲ "ಯಾವಾಗ ಬರ್ತೀಯೋ?" ಅಂತ ಕೇಳುತ್ತಲೇ ಇದ್ದಳು. ಅವನಿಗೆ ನೆನಪಾಗಲಿಲ್ಲವೇ? ಆಯಿತು. ಟ್ಯಾಕ್ಸಿ ಹತ್ತುವಾಗಲೇ ಆಯಿತು. ಆದರೆ ಅಕ್ಕನ ಮನೆಗೆ ಬರಿಗೈಲಿ ಹೋಗುವುದುಂಟೇ? ಸೀರೆ ಬೇಕು, ಕುಪ್ಪಸದ ಕಣ ಬೇಕು, ಹೂವು ಹಣ್ಣು ಬೇಕು, ಕೊಡಲು ಜೊತೆಯಲ್ಲಿ ಹೆಂಡತಿ ಬೇಕು. ಅಂಥ ದೊಡ್ಡ ಮನುಷ್ಯ ಕೈಬೀಸಿಕೊಂಡು ಹೋದರೆ ವಠಾರದವರು ಆಡಿಕೊಳ್ಳುವುದಿಲ್ಲವೇ? ಮುಂದೊಂದು ಸಲ ಕ್ರಮವಾಗಿ ಬರೋಣ ಅಂದುಕೊಂಡ. ನೋಡಿ, ತಪ್ಪಿಸಿಕೊಳ್ಳಬೇಕಾದಾಗ ನಮಗೆ ಶಾಸ್ತ್ರ ಎಷ್ಟು ಚೆನ್ನಾಗಿ ನೆನಪಿಗೆ ಬರುತ್ತದೆ.

ಕೋಟೆ ನೋಡುವುದಕ್ಕೆ ಎರಡು ಗಂಟೆ ಸಿಕ್ಕಿತು. ಹಳೇ ಫಿರಂಗಿಯ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುವುದಕ್ಕೂ ಸಿಕ್ಕಿತು. ಅದನ್ನು ಬಂಧುಗಳ ವಾಟ್ಸಾಪ್ ಗುಂಪಿಗೆ ಹಾಕಿದ. ಎಂದೂ ಒಂದಕ್ಷರ ಬರೆಯದ ಅಕ್ಕ ಆ ಗುಂಪಿನಲ್ಲಿದ್ದಾಳೆ ಅನ್ನುವುದು ಮರೆತೇಹೋಗಿತ್ತು. ಹಸಿವಾಯಿತು. ಕೋಟೆ ಬಾಗಿಲ ಎದುರಿನ ಹೋಟೆಲಿನಲ್ಲಿ ಗಾಜಿನ ಪಕ್ಕ ಕೂತು ಊಟ ಹೇಳಿದ. ಆಗ ಅಕ್ಕನ ಫೋನು ಬಂತು.

"ಫೋಟೋ ನೋಡ್ದೆ ಕಣೋ. ಅನ್ನ ಮಾಡಿಟ್ಟು, ಮೊಸರು ತರೋಣ ಅಂತ ಬಂದೆ. ನಿಂಗೆ ಮೊಸರಿಲ್ದೆ ಊಟ ಸೇರಲ್ವಲ್ಲ. ಬಂದ್ಬಿಡು."

"ಅಯ್ಯೋ ಅಕ್ಕ, ಈಗ ತಾನೇ ಏರ್‌ಪೋರ್ಟ್ ಒಳಗೆ ಬಂದ್ಬಿಟ್ಟೆ. ಒಂದ್ಸಲ ಒಳಗ್ಬಂದ್ರೆ ಹೊರಗೆ ಬಿಡಲ್ಲ."

ಹೀಗೆಂದವನು ತಲೆ ಎತ್ತಿದ. ರಸ್ತೆಯಾಚೆ ಹಾಲಿನ ಬೂತು. ಅದರ ಮುಂದೆ ಅಕ್ಕ. ಒಂದು ಕೈಯಲ್ಲಿ ಮೊಸರಿನ ಪ್ಯಾಕೆಟ್ಟು, ಇನ್ನೊಂದರಲ್ಲಿ ಕಿವಿಗೆ ಹಿಡಿದ ಫೋನು. ಅವನನ್ನೇ ನೋಡುತ್ತಿದ್ದಳು.

ಎದ್ದು ಓಡಬೇಕಿತ್ತು. ರಸ್ತೆ ದಾಟಿದರೆ ಅಕ್ಕ. ಎದ್ದನೇ? ಇಲ್ಲ. ನಾಚಿಕೆಯಿಂದ ಹಿಡಿಯಷ್ಟಾಗಿ ಕೂತೇ ಇದ್ದ.

"ಆಗ್ಲಿ ಕಣೋ. ಹುಷಾರಾಗಿ ಹೋಗು," ಅಂದಳು ಅಕ್ಕ. ಮೊಸರನ್ನು ಬೂತಿನವನಿಗೆ ವಾಪಸು ಕೊಟ್ಟು ಮನೆ ಕಡೆ ತಿರುಗಿದಳು.

ಆಮೇಲೆ ಒಂದು ದಿನ ಅವನು ಕ್ರಮವಾಗಿಯೇ ಹೋದ ಬಿಡಿ. ಹೆಂಡತಿ, ರೇಷ್ಮೆ ಸೀರೆ, ಹಣ್ಣು, ಹೂವು, ಒಂದಕ್ಕೂ ಕೊರತೆಯಿಲ್ಲ. ಅಕ್ಕ ಸೀರೆಯನ್ನು ಕಣ್ಣಿಗೊತ್ತಿಕೊಂಡಳು, ಎಲೆ ಹಾಕಿದಳು. "ಅಕ್ಕ, ಅವತ್ತು..." ಅಂದ. "ಯಾವತ್ತು?" ಅಂದಳು. ಅಷ್ಟೇ, ಮಾತಿಗೆ ಜಾಗ ಕೊಡಲಿಲ್ಲ. ಊಟದ ಕೊನೆಗೆ ಪಾತ್ರೆ ಹಿಡಿದು ಬಂದು ಕೇಳಿದಳು, "ಮೊಸರು ಹಾಕ್ಲಾ?"

ಬೇಡ ಬೇಡ ಅಂದರೂ ಸುರಿಯುತ್ತಿದ್ದವಳು, ನೆಂಟರನ್ನು ಕೇಳುವ ಹಾಗೆ ಕೇಳಿದಳು. "ಯಾವಾಗ ಬರ್ತೀಯೋ" ಅನ್ನುವ ಫೋನು ಮತ್ತೆ ಎಂದೂ ಬರಲಿಲ್ಲ.

ಪಾಪಿ ಅಂತ ತಲೆಯಾಡಿಸುತ್ತಿದ್ದೀರಿ. ಆಡಿಸಬೇಡಿ. ಮದುವೆಗೆಂದು ಒಂದೂರಿಗೆ ಹೋಗಿ, ಅಲ್ಲೇ ಇರುವ ಒಡಹುಟ್ಟಿದವರ ಮನೆ ತಪ್ಪಿಸಿಕೊಂಡು ಬಂದವರು ಇಲ್ಲಿ ಎಷ್ಟು ಜನ ಇದ್ದೀರಿ? ಈ ಪ್ರವಚನಕ್ಕೆ ಬರುವಾಗಲೇ ಯಾರ ಬಾಗಿಲು ದಾಟಿಕೊಂಡು ಬಂದಿರಿ? ವಾಪಸು ಹೋಗುವಾಗ ಅಲ್ಲಿ ನಿಲ್ಲಿ. ಹಣ್ಣಿನಂಗಡಿ ಹುಡುಕಬೇಡಿ. ಬರಿಗೈಲೇ ಹೋಗಿ, ಹತ್ತು ನಿಮಿಷ ಕೂತು, ಕೊಟ್ಟಿದ್ದು ಕುಡಿದು ಬನ್ನಿ. ಕೇಳದೆ ಬಡಿಸುವ ಕೈ ಇರುವಾಗಲೇ ಹೋಗಿ. ಅವರು ಕೇಳಿ ಬಡಿಸಲು ಶುರುಮಾಡಿದ ಮೇಲೆ, ನೀವು ಎಂಥ ಸೀರೆ ಹೊತ್ತುಕೊಂಡು ಹೋದರೂ ಆ ಮನೆಗೆ ಬರೀ ನೆಂಟರೇ.