ಗೊರಕೆಗೆ ಬಂದ ಮೆಚ್ಚುಗೆ

ನಲವತ್ತು ಕುರ್ಚಿಗಳ ಪುಟ್ಟ ರಂಗಮಂದಿರದ ಬಾಗಿಲು ತೆರೆಯಲೆಂದು ಕಾಯುತ್ತಿದ್ದೆ. ಪಕ್ಕದಲ್ಲೇ ನಾಟಕದ ನಿರ್ದೇಶಕ ಮತ್ತು ಅವನ ಹೆಂಡತಿ ಪತ್ರಿಕೆ ಹಿಡಿದು ಪಿಸುಗುಟ್ಟುತ್ತಿದ್ದರು.

“ವಿಮರ್ಶೆ ನೋಡಿದ್ಯಾ? ನನ್ನ ನಟರ ಬಗ್ಗೆ ಚಕಾರ ಎತ್ತಿಲ್ಲ. ಪ್ರೇಕ್ಷಕರ ಮಧ್ಯೆ ಕೂತು ಗೊರಕೆ ಹೊಡೆದ ಮುದುಕನ ಅಭಿನಯ ಅದ್ಭುತವಂತೆ!”

“ಮುದುಕ ಅಂದ್ರೆ? ಅವರು ನಮ್ಮಪ್ಪ.”

“ನಟ ಅಲ್ವಲ್ಲ! ನಿಜವಾಗ್ಲೂ ನಿದ್ದೆ ಹೋಗಿದ್ರು ಕಣೇ.”

“ಬಾಯಿ ಬಿಡ್ಬೇಡಿ. ಇವತ್ತು ಇಷ್ಟು ಜನ ಬಂದಿರೋದೇ ಅವರ ಗೊರಕೆಗೆ.”

“ಅದೇ ಪೇಚಾಟ. ಮಾವನವರಿಗೆ ಬೆಳಿಗ್ಗೆಯಿಂದ ಎದೆ ಡವಡವ ಅಂತಿದೆಯಂತೆ. ಎಲ್ಲರೂ ನೋಡ್ತಿದ್ರೆ ನಿದ್ದೆ ಹತ್ತೋದೇ ಇಲ್ಲ ಅಂತಾರೆ.”

“ಯಾಕ್ರೀ ಹೆದರ್ತೀರಾ? ನಿಮ್ಮ ನಾಟಕ ಶುರುವಾಗ್ಲಿ, ತಾನಾಗೇ ಹತ್ತುತ್ತೆ,” ಎನ್ನುತ್ತಾ ಅವಳು ಅಪ್ಪನ ದಿಂಬು ಹಿಡಿದು ಒಳಗೆ ನಡೆದಳು.